ಮಕ್ಕಳಿಲ್ಲದೆ ಇಬ್ಬರೇ ವಂಡರ್‌ಲಾಗೆ: ಉಡುಪಿ–ಮಂಗಳೂರು ಕಡೆಯಿಂದ ಹೋಗುವುದು ಹೇಗೆ?

ಕಲ್ಸಂಕ_ಸರ್ಕಲ್:
ನಾವು ಗಂಡ–ಹೆಂಡತಿ ಇಬ್ಬರೇ, ಉಡುಪಿಯಿಂದ. ಜಾತ್ರೆಯ ಜೈಂಟ್ ವೀಲ್ ಬಿಟ್ಟರೆ ಇಂಥದ್ದರ ಅಭ್ಯಾಸ ಇಬ್ಬರಿಗೂ ಇಲ್ಲ. ಬಿಡದಿಯ ವಂಡರ್‌ಲಾ ಪಾರ್ಕಿಗೆ ಹೋಗುವ ಅಂದ್ಕೊಂಡಿದ್ದೇವೆ. ಒಬ್ಬರಿಗೆ ಎತ್ತರದ ಆಟ ಬೇಕು, ಇನ್ನೊಬ್ಬರಿಗೆ ಶಿರಾಡಿ ಘಾಟಿಯಲ್ಲೇ ತಲೆ ತಿರುಗ್ತದೆ. ಯಾವ ತಿಂಗಳು ಒಳ್ಳೆಯದು, ಬಟ್ಟೆ ಎಂತದ್ದು, ಒಳಗೆ ಹೋದ ಮೇಲೆ ಯಾವುದು ಮೊದಲು? ಎಲ್ಲಿ ಹುಡುಕಿದ್ರೂ ಮಕ್ಕಳನ್ನು ಕರ್ಕೊಂಡು ಹೋಗುವವರಿಗೆ ಬರೆದದ್ದೇ ಸಿಗ್ತದೆ. ಇಬ್ಬರೇ ಹೋಗುವವರಿಗೆ ಏನು ಬದಲಾಗ್ತದೆ ಅಂತ ಗೊತ್ತಿದ್ದವರು ಹೇಳಿ.

ಬಿಜೈ_ನೈಟ್‌ಸರ್ವಿಸ್:
ಬದಲಾಗುವುದು ಮುಖ್ಯವಾಗಿ ತಾರೀಕು. ಮಕ್ಕಳಿದ್ದವರಿಗೆ ಶಾಲೆಯ ರಜೆ ಬಿಟ್ಟು ಬೇರೆ ದಾರಿ ಇಲ್ಲ, ನಿಮಗೆ ಆ ಕಟ್ಟು ಇಲ್ಲ. ಇಬ್ಬರೂ ಒಂದು ಮಂಗಳವಾರವೋ ಬುಧವಾರವೋ ರಜೆ ಹಾಕಿದ್ರೆ ಅರ್ಧ ಕೆಲಸ ಆಯಿತು. ಟಿಕೆಟ್ಟೂ ವಾರದ ನಡುವೆ ಕಡಿಮೆ, ಶನಿವಾರ–ಭಾನುವಾರ ಮತ್ತು ಹಬ್ಬದ ರಜೆಯಲ್ಲಿ ಜಾಸ್ತಿ.

ಏಪ್ರಿಲ್–ಮೇ, ದಸರಾ ರಜೆ, ಕ್ರಿಸ್‌ಮಸ್ ವಾರ ಬೇಡ ಅಂತ ಎಲ್ಲರಿಗೂ ಗೊತ್ತು. ಹೆಚ್ಚಿನವರು ಎಡವುವುದು ಡಿಸೆಂಬರ್ ಮತ್ತು ಜನವರಿಯಲ್ಲಿ. ವಾರದ ನಡುವೆ ಖಾಲಿ ಇರಬಹುದು ಅಂತ ಹೋದ್ರೆ ಶಾಲಾ ಪ್ರವಾಸದ ಬಸ್ಸುಗಳು ಸಾಲಾಗಿ ನಿಂತಿರ್ತವೆ. ಆ ಮಕ್ಕಳು ಒಂದೊಂದು ಕ್ಯೂಗೆ ಐವತ್ತು–ಅರವತ್ತರ ಗುಂಪಿನಲ್ಲಿ ಬರುವುದು, ಹಾಗಾಗಿ ಐದು ನಿಮಿಷದ ಸಾಲು ಕಣ್ಣೆದುರೇ ಅರ್ಧ ಗಂಟೆಯದ್ದಾಗ್ತದೆ.

ನನ್ನ ಲೆಕ್ಕದಲ್ಲಿ ಫೆಬ್ರವರಿ ನಡುವಿನಿಂದ ಮಾರ್ಚ್ ನಡುವಿನವರೆಗೆ ಒಳ್ಳೆಯದು. ಪರೀಕ್ಷೆಯ ಕಾಲ, ಬಿಸಿಲೂ ಉಂಟು, ನೀರಿಗೆ ಇಳಿಯಲಿಕ್ಕೆ ಹಿತ. ಜೂನ್ ಕೊನೆ, ಜುಲೈಯಲ್ಲೂ ಜನ ಕಡಿಮೆ. ಘಟ್ಟದ ಮೇಲೆ ನಮ್ಮ ಹಾಗೆ ಜಡಿಮಳೆ ಇಲ್ಲ, ಆದ್ರೆ ಗಾಳಿ ಜೋರು, ನೀರಿನಿಂದ ಮೇಲೆ ಬಂದ್ರೆ ಹಲ್ಲು ಕಟಕಟ. ಹೊಸ ಜೋಡಿಯಾದ್ರೆ ಆಟಿ ತಿಂಗಳು (ತುಳುವರ ಆಷಾಢ, ಜುಲೈ–ಆಗಸ್ಟ್) ಹೇಗೂ ಲೆಕ್ಕಕ್ಕಿಲ್ಲ, ಮದುಮಗಳನ್ನು ತವರಿಗೆ ಕರೀಲಿಕ್ಕೆ ಬಂದಿರ್ತಾರೆ.

ಪಡೀಲ್_ಬೈಪಾಸ್:
ಹೋಗುವ ದಾರಿ ಹೇಳ್ತೇನೆ. ಮಂಗಳೂರಿಂದ ಬೆಂಗಳೂರಿಗೆ ಸುಮಾರು 350 ಕಿ.ಮೀ. ಹೆಚ್ಚಿನ ಬಸ್ಸುಗಳು ಶಿರಾಡಿ, ಹಾಸನ, ನೆಲಮಂಗಲ ಮೇಲೆ ತುಮಕೂರು ರಸ್ತೆಯಿಂದ ಊರೊಳಗೆ ಹೋಗ್ತವೆ. ಪಾರ್ಕ್ ಇರುವುದು ಮೈಸೂರು ರಸ್ತೆಯಲ್ಲಿ, ನಗರದ ನಡುವಿನಿಂದ 28 ಕಿ.ಮೀ. ಅಂದ್ರೆ ಬಸ್ ಇಳಿದ ಮೇಲೆ ಊರು ದಾಟುವುದೊಂದು ಬೇರೆ ಪ್ರಯಾಣ. ಈ ಎರಡನೇ ಪ್ರಯಾಣವನ್ನು ಲೆಕ್ಕಕ್ಕೆ ಹಿಡಿಯದೆ ಬೆಳಿಗ್ಗೆ ತಲುಪಿದ್ರೆ ಆಯ್ತಲ್ಲ ಅಂತ ಹೊರಡುವವರೇ ಜಾಸ್ತಿ.

ಈಗ ಮೆಟ್ರೊ ಇರುವುದರಿಂದ ಸುಲಭ. ಮೆಜೆಸ್ಟಿಕ್‌ನಲ್ಲಿ ನೇರಳೆ ಮಾರ್ಗ ಹಿಡಿದು ಚಲ್ಲಘಟ್ಟದವರೆಗೆ ಹೋಗಿ, ಅದು ಕೊನೆಯ ಸ್ಟೇಷನ್, 2023ರ ಅಕ್ಟೋಬರ್‌ನಲ್ಲಿ ಶುರುವಾದದ್ದು. ಅಲ್ಲಿಂದ ಬಿಡದಿ ಕಡೆಯ ಬಸ್ಸು ಅಥವಾ ಟ್ಯಾಕ್ಸಿ. ಬಸ್ ಹತ್ತುವ ಮೊದಲು ಬಿಡದಿಯಲ್ಲಿ ನಿಲ್ತದಾ ಅಂತ ಕಂಡಕ್ಟರರನ್ನು ಕೇಳ್ಲೇಬೇಕು. ಮೈಸೂರಿನ ತಡೆರಹಿತ ಬಸ್ಸುಗಳು ಎಕ್ಸ್‌ಪ್ರೆಸ್‌ವೇ ಮೇಲೆ ಬಿಡದಿಯನ್ನು ನೋಡದೆ ಹೋಗಿಬಿಡ್ತವೆ. ನಿಮಗೆ ಬೇಕಾದದ್ದು ಸರ್ವಿಸ್ ರಸ್ತೆಯಲ್ಲಿ ಹೋಗುವ ಸಾಮಾನ್ಯ ಬಸ್. ಭಾನುವಾರ ಮೆಟ್ರೊ ತಡವಾಗಿ ಶುರುವಾಗ್ತದೆ, ಅದೂ ನೆನಪಿರಲಿ.

ಉಡುಪಿಯಿಂದ ರೈಲು ಅಂದ್ರೆ ಪಂಚಗಂಗಾ ರಾತ್ರಿ ಗಾಡಿ. ಮುರ್ಡೇಶ್ವರ–ಬೆಂಗಳೂರು ಗಾಡಿ ಮೈಸೂರು ಮೇಲೆ ಹೋಗ್ತದೆ, ಅದರಲ್ಲಿ ಸೀಟ್ ಸಿಕ್ಕಿದ್ರೆ ನಿಮಗೆ ಇನ್ನೂ ಅನುಕೂಲ: ಊರಿನ ನಡುವಿಗೆ ಹೋಗಿ ತಿರುಗಿ ಬರ್ಬೇಕಾಗಿಲ್ಲ, ಕೆಂಗೇರಿಯಲ್ಲಿ ಇಳಿದ್ರೆ ಬಿಡದಿ ಹತ್ತಿರ. ತಲೆ ತಿರುಗುವವರಿಗೆ ರೈಲೇ ವಾಸಿ. ಸಕಲೇಶಪುರ–ಸುಬ್ರಹ್ಮಣ್ಯ ನಡುವಿನ 55 ಕಿ.ಮೀ. ಘಾಟಿಯನ್ನು ರೈಲು ನಿಧಾನಕ್ಕೆ ಇಳಿದು ಹತ್ತುವುದು. ಬಸ್ಸಿನ ಹಾಗೆ ತಿರುವಿಗೊಮ್ಮೆ ಎಳೆದಾಡುವುದಿಲ್ಲ.

ಸ್ವಂತ ಕಾರಾದ್ರೆ ಪುತ್ತೂರು, ಸುಳ್ಯ, ಸಂಪಾಜೆ, ಮಡಿಕೇರಿ, ಮೈಸೂರು ಮೇಲೆ ಹೋಗಿ. ಬೆಂಗಳೂರಿನ ಟ್ರಾಫಿಕ್ಕಿಗೆ ತಲೆ ಕೊಡದೆ ಮೈಸೂರು ಕಡೆಯಿಂದಲೇ ಬಿಡದಿ ಸಿಗ್ತದೆ. ಹಾಸನದ ಮೇಲೆ ಬರುವವರು ಕುಣಿಗಲ್‌ನಲ್ಲಿ ಹೆದ್ದಾರಿ ಬಿಟ್ಟು ಮಾಗಡಿ ಮೇಲೆ ಬಿಡದಿಗೆ ಇಳಿಯಬಹುದು. ಬೈಕಲ್ಲಿ ಹೋಗುವ ಯೋಚನೆ ಇದ್ರೆ ಒಂದು ಮಾತು: ಎಕ್ಸ್‌ಪ್ರೆಸ್‌ವೇಯ ಮುಖ್ಯ ದಾರಿಯಲ್ಲಿ 2023ರ ಆಗಸ್ಟ್‌ನಿಂದ ದ್ವಿಚಕ್ರಕ್ಕೆ ಪ್ರವೇಶ ಇಲ್ಲ.

ಮಲ್ಪೆ_ಗಾಳಿ:
ಎಲ್ಲ ಸರಿ, ಆದ್ರೆ ರಾತ್ರಿ ಬಸ್ಸಲ್ಲಿ ಹೋಗಿ, ಇಡೀ ದಿನ ಆಡಿ, ಅದೇ ರಾತ್ರಿ ಬಸ್ಸಲ್ಲಿ ವಾಪಸ್ ಬರುವ ಪ್ಲಾನ್ ಮಾಡ್ಬೇಡಿ ಮಾರಾಯ್ರೆ. ಪಾರ್ಕ್ ತೆರೆಯುವುದು 11ಕ್ಕೆ. ಬಸ್ಸು ನಿಮ್ಮನ್ನು ಆರು ಗಂಟೆಗೆ ಇಳಿಸ್ತದೆ. ನಡುವಿನ ಐದು ಗಂಟೆ ಬ್ಯಾಗ್ ಹೊತ್ಕೊಂಡು ಎಲ್ಲಿ ಕೂರ್ತೀರಿ? ನಿದ್ದೆ ಇಲ್ಲದೆ ತಿರುಗುವ ಆಟಕ್ಕೆ ಹತ್ತಿದ್ರೆ ಗಟ್ಟಿ ಹೊಟ್ಟೆಯವರಿಗೂ ವಾಕರಿಕೆ ಬರ್ತದೆ. ಹಿಂದಿನ ದಿನ ಮಧ್ಯಾಹ್ನವೇ ಹೊರಟು ಕೆಂಗೇರಿ ಅಥವಾ ಬಿಡದಿ ಹತ್ತಿರ ರೂಮ್ ಮಾಡಿ. ಪಾರ್ಕಿನದ್ದೇ ರೆಸಾರ್ಟೂ ಉಂಟು, ದರ ನೋಡ್ಕೊಂಡು.

ಬಿಜೈ_ನೈಟ್‌ಸರ್ವಿಸ್:
ಒಪ್ಪುವುದಿಲ್ಲ. ಇಬ್ಬರೇ ಇರುವಾಗ ಆ ಐದು ಗಂಟೆ ದೊಡ್ಡ ವಿಷಯ ಅಲ್ಲ. ಮೆಜೆಸ್ಟಿಕ್ ಸುತ್ತ ಗಂಟೆ ಲೆಕ್ಕದಲ್ಲಿ ರೂಮ್ ಕೊಡುವವರು ಇದ್ದಾರೆ, ಎರಡು ತಾಸು ಮಲಗಿ, ಸ್ನಾನ ಮಾಡಿ ಹೊರಡಬಹುದು. ರೈಲಿನ ಟಿಕೆಟ್ ಇದ್ದವರಾದ್ರೆ ದೊಡ್ಡ ಬ್ಯಾಗ್ ರೈಲ್ವೆ ಸ್ಟೇಷನ್ನಿನ ಕ್ಲೋಕ್ ರೂಮಲ್ಲಿ ಇಡಿ, ಬೀಗ ಹಾಕಿದ ಬ್ಯಾಗೇ ಆಗ್ಬೇಕು. ಒಂಬತ್ತಕ್ಕೆ ಬಿಡದಿಯಲ್ಲಿ ತಟ್ಟೆ ಇಡ್ಲಿ, ಹತ್ತೂವರೆಗೆ ಗೇಟ್. ಒಂದು ರಾತ್ರಿಯ ಹೋಟೆಲ್ ಬಾಡಿಗೆ ಉಳಿದದ್ದು ಊಟಕ್ಕೆ ಆಗ್ತದೆ.

ಮಲ್ಪೆ_ಗಾಳಿ:
ಹೋಗುವಾಗ ಬೇಕಾದ್ರೆ ಹಾಗೇ ಮಾಡಿ. ಬರುವಾಗಲೂ ಅದನ್ನೇ ಮಾಡಿದ್ರೆ ಮರುದಿನ ಆಫೀಸು ಹಾಳು. ನಾನು ಹೇಳಿದ್ದು ಅಷ್ಟೆ.

ತೊಟ್ಟಿಲು_ಮೆಕ್ಯಾನಿಕ್:
ಈಗ ಆಟಗಳಿಗೆ ಬರುವ. ಯಾವುದಕ್ಕೆ ಮೊದಲು ಓಡಬೇಕು ಅಂತ ತೀರ್ಮಾನಿಸ್ಲಿಕ್ಕೆ ಅದು ಎಷ್ಟು ಭಯ ಹುಟ್ಟಿಸ್ತದೆ ಅಂತ ನೋಡ್ಬೇಡಿ, ಗಂಟೆಗೆ ಎಷ್ಟು ಜನರನ್ನು ಕೂರಿಸ್ತದೆ ಅಂತ ನೋಡಿ. ರಿಕಾಯ್ಲ್ ಅನ್ನುವ ರೋಲರ್ ಕೋಸ್ಟರ್ ಮುಂದಕ್ಕೆ ಹೋದ ಹಳಿಯಲ್ಲೇ ಹಿಂದಕ್ಕೆ ಬರುವಂಥದ್ದು. ಒಂದು ಗಾಡಿ ವಾಪಸ್ ಬಂದು ನಿಲ್ಲದೆ ಇನ್ನೊಂದನ್ನು ಬಿಡ್ಲಿಕ್ಕೆ ಆಗುವುದಿಲ್ಲ, ಹಾಗಾಗಿ ಎಷ್ಟು ಜನ ಬಂದ್ರೂ ಸಾಲು ಅದರದ್ದೇ ವೇಗದಲ್ಲಿ ಸರಿಯುವುದು. ಗೇಟ್ ತೆರೆದ ಕೂಡ್ಲೆ ಅಲ್ಲಿಗೆ ಹೋಗಿ. ವೇವ್ ಪೂಲ್ (ಅಲೆ ಏಳುವ ಕೊಳ), ಲೇಜಿ ರಿವರ್ (ಟ್ಯೂಬಲ್ಲಿ ನಿಧಾನ ತೇಲುವ ಕಾಲುವೆ), ರೇನ್ ಡಿಸ್ಕೊ (ನೀರಿನ ಮಳೆಯಲ್ಲಿ ಕುಣಿಯುವ ಜಾಗ) ಇವಕ್ಕೆ ಒಮ್ಮೆಗೆ ನೂರಾರು ಜನ ಇಳೀತಾರೆ, ಅವುಗಳಿಗೆ ಬೆಳಗಿನ ಹೊತ್ತು ಹಾಳು ಮಾಡ್ಬೇಡಿ.

ಸಾಲು ನೋಡಿ ಸಮಯ ಹೇಳುವ ಲೆಕ್ಕ ಸುಲಭ. ಒಂದು ಸುತ್ತಿಗೆ ಎಷ್ಟು ಸೀಟು ಅಂತ ಎಣಿಸಿ. ಒಂದು ಸುತ್ತು ಹೊರಟದ್ದರಿಂದ ಮುಂದಿನ ಸುತ್ತು ಹೊರಡುವವರೆಗೆ ಎಷ್ಟು ನಿಮಿಷ ಅಂತ ಗಡಿಯಾರ ನೋಡಿ. ಆಟ ಓಡುವ ಸಮಯ ಮಾತ್ರ ಹಿಡಿದ್ರೆ ಲೆಕ್ಕ ತಪ್ತದೆ, ಹತ್ತಿ ಇಳಿಯುವ ಮತ್ತು ಸೀಟಿನ ಸುರಕ್ಷತಾ ಬಾರ್ ಪರೀಕ್ಷೆ ಮಾಡುವ ಹೊತ್ತೂ ಸೇರ್ಬೇಕು. ಮುಂದಿರುವ ತಲೆ 120, ಸೀಟು 24, ಸುತ್ತಿಗೆ 4 ನಿಮಿಷ ಅಂದ್ರೆ 5 ಸುತ್ತು, 20 ನಿಮಿಷ. ಅದೇ ಸಾಲು 12 ಸೀಟಿನ ಆಟಕ್ಕೆ ನಿಂತಿದ್ರೆ 40 ನಿಮಿಷ. ಸಾಲಿನ ಉದ್ದ ಕಣ್ಣಿಗೆ ಒಂದೇ ಥರ ಕಾಣ್ತದೆ, ಅಲ್ಲೇ ಮೋಸ ಇರುವುದು.

ಸೀಟಿನ ವಿಷಯ. ಕೋಸ್ಟರ್‌ನ ಕೊನೆಯ ಸಾಲು ಮುಂದಿನ ಸಾಲಿಗಿಂತ ಒರಟು. ಇಳಿಜಾರಿನಲ್ಲಿ ಮುಂದಿನ ಡಬ್ಬಿಗಳು ಆಗಲೇ ಕೆಳಗೆ ಹೋಗ್ತಿರುವಾಗ ಹಿಂದಿನದನ್ನು ತುದಿಯ ಮೇಲಿಂದ ಎಳೆದು ತರ್ತವೆ, ಸೀಟಿನಿಂದ ಏಳಿಸಿದ ಹಾಗಾಗ್ತದೆ. ಮೊದಲ ಸಲಕ್ಕೆ ನಡುವಿನ ಸಾಲು ಸಾಕು. ಹೆಗಲ ಮೇಲೆ ಬೀಳುವ ಪಟ್ಟಿ ಇರುವಲ್ಲಿ ತಲೆಯನ್ನು ಹಿಂದಕ್ಕೆ ಒತ್ತಿ ಇಟ್ಟುಕೊಳ್ಳಿ. ಸಡಿಲ ಬಿಟ್ರೆ ಕಿವಿ ಎರಡೂ ಕಡೆ ಬಡೀತದೆ. ಬೆಂಡೋಲೆ, ಜುಮ್ಕಿ ಲಾಕರಲ್ಲಿ.

ಜೋಡಿಯಾಗಿ ಕೂರುವವರಿಗೆ ಹೇಳ್ಲೇಬೇಕಾದದ್ದು ಇದು: ವೃತ್ತಾಕಾರವಾಗಿ ತಿರುಗುವ ಆಟದಲ್ಲಿ ಇಬ್ಬರಿಗೂ ಒಂದೇ ಸೀಟಿದ್ರೆ ದಪ್ಪ ಇರುವವರು ಹೊರಗಿನ ಬದಿ ಕೂರ್ಬೇಕು. ವೇಗ ಹಿಡಿದ ಹಾಗೆ ಒಳಗಿನವರು ಹೊರಗಿನವರ ಮೇಲೆ ಜಾರಿ ಬೀಳ್ತಾರೆ. ತೆಳ್ಳಗಿನವರು ಹೊರಗಿದ್ರೆ ಸೀಟಿನ ಅಂಚಿಗೂ ಸಂಗಾತಿಯ ಭುಜಕ್ಕೂ ನಡುವೆ ಅಪ್ಪಚ್ಚಿ. ಇಬ್ಬರಿಗೂ ಸೇರಿ ತೊಡೆಯ ಮೇಲೆ ಒಂದೇ ಬಾರ್ ಬರುವಲ್ಲಿ ಅದು ದಪ್ಪ ಇರುವವರ ತೊಡೆಗೆ ತಾಗಿ ನಿಲ್ತದೆ, ಇನ್ನೊಬ್ಬರ ಮುಂದೆ ಸಂದು ಉಳೀತದೆ. ಅಂಥಲ್ಲಿ ಸಣ್ಣವರು ಬೆನ್ನನ್ನು ಸೀಟಿಗೆ ಪೂರ್ತಿ ಒತ್ತಿ, ಬಾರನ್ನು ಎರಡೂ ಕೈಯಲ್ಲಿ ಹಿಡೀಬೇಕು. ಫೋಟೊಕ್ಕೆ ಕೈ ಎತ್ತುವ ಜಾಗ ಅದಲ್ಲ.

ನಡುವೆ ಆಟ ನಿಂತ್ರೆ ಗಾಬರಿ ಬೇಡ. ಗಾಳಿ ಜೋರಾದ್ರೂ, ಗುಡುಗು ಬಂದ್ರೂ, ಒಂದು ಸೆನ್ಸರ್ ತಪ್ಪು ತೋರಿಸಿದ್ರೂ ನಿಲ್ಲಿಸ್ತಾರೆ, ಅದು ನಿಲ್ಲಲಿಕ್ಕೆಂದೇ ಮಾಡಿದ ವ್ಯವಸ್ಥೆ. ತಾವಾಗಿಯೇ ಬಾರ್ ಬಿಡಿಸಿ ಇಳಿಯುವುದೇ ನಿಜವಾದ ಅಪಾಯ.

ಕದ್ರಿ_ಗುಡ್ಡೆ:
ಉದ್ದ ಸಾಲು ತಪ್ಪಿಸುವ ಫಾಸ್ಟ್‌ಟ್ರ್ಯಾಕ್ ಟಿಕೆಟ್ ತೆಗೆಯುವುದಾ ಬೇಡವಾ?

ತೊಟ್ಟಿಲು_ಮೆಕ್ಯಾನಿಕ್:
ಪರೀಕ್ಷೆ ಕಾಲದ ಬುಧವಾರಕ್ಕೆ ದಂಡ. ಡಿಸೆಂಬರ್ ಶನಿವಾರಕ್ಕೆ ಬೇಕು. ಮೊದಲು ಸಾಮಾನ್ಯ ಟಿಕೆಟ್ಟಿನ ಕಡಿಮೆ ಜನರ ದಿನ ಹುಡುಕಿ, ಸಿಗದಿದ್ರೆ ಆಮೇಲೆ ಅದರ ಮಾತು.

ಶೇಡಿಗುಡ್ಡೆ_ಅಕ್ಕ:
ಬಟ್ಟೆಯ ಬಗ್ಗೆ ಗಂಡಸರು ಒಂದೇ ಸಾಲಲ್ಲಿ ಮುಗಿಸ್ತಾರೆ, ಹಾಗಾಗಿ ನಾನೇ ಬರೀತೇನೆ. ನೀರಿನ ಆಟಕ್ಕೆ ನೈಲಾನ್, ಲೈಕ್ರಾ ಅಥವಾ ಪಾಲಿಯೆಸ್ಟರ್ ಮಾತ್ರ. ಕಾಟನ್ ಚೂಡಿದಾರ, ಸೀರೆ, ಜೀನ್ಸ್ ಬಿಡುವುದಿಲ್ಲ. ಕಾಟನ್ ನೀರು ಕುಡಿದು ಭಾರವಾಗಿ ಜೋತು ಬೀಳ್ತದೆ, ಅದರ ಎಳೆ ಫಿಲ್ಟರಿಗೆ ಹೋಗ್ತದೆ. ಜೀನ್ಸಿನ ಗುಂಡಿ, ರಿವೆಟ್ ಫೈಬರ್ ಸ್ಲೈಡನ್ನು ಗೀಚ್ತದೆ, ಆ ಗೀಚಿನಲ್ಲಿ ಹಿಂದೆ ಬರುವವರ ಚರ್ಮ ಹೋಗ್ತದೆ. ಅಲ್ಲೇ ಅಂಗಡಿಯಲ್ಲಿ ಬಟ್ಟೆ ಸಿಗ್ತದೆ, ಆದ್ರೆ ಅಳತೆ ಸರಿ ಆಗುವುದು ಕಷ್ಟ. ಇಲ್ಲಿಂದಲೇ ತಕ್ಕೊಂಡು ಹೋಗಿ: ಮೊಣಕಾಲಿನವರೆಗೆ ಬರುವ ಲೈಕ್ರಾ ಟೈಟ್ಸ್, ಮೇಲೆ ಅರ್ಧ ತೋಳಿನ ಪಾಲಿಯೆಸ್ಟರ್ ಟೀ ಶರ್ಟ್, ಗಾಢ ಬಣ್ಣದ್ದು. ಬಿಳಿ, ತಿಳಿ ಹಳದಿ ಒದ್ದೆಯಾದ್ರೆ ಒಳಗಿನದ್ದೆಲ್ಲ ಕಾಣ್ತದೆ. ಮನೆಯಲ್ಲಿ ಒಮ್ಮೆ ಹಾಕಿ, ಷವರ್ ಕೆಳಗೆ ನಿಂತು ನೋಡಿ, ಅಂಗಡಿಯ ಕನ್ನಡಿಯಲ್ಲಿ ಇದು ಗೊತ್ತಾಗುವುದಿಲ್ಲ.

ಕರಿಮಣಿ, ಕಾಲುಂಗುರ, ಉಂಗುರ ಮನೆಯಲ್ಲೇ ಇಟ್ಟು ಹೋಗುವುದು ಒಳ್ಳೆಯದು. ತಣ್ಣೀರಲ್ಲಿ ಬೆರಳು ಸಣ್ಣ ಆಗ್ತದೆ, ಮದುವೆ ಉಂಗುರ ತಾನಾಗಿ ಜಾರಿ ಹೋಗ್ತದೆ. ವೇವ್ ಪೂಲಿನಲ್ಲಿ ಬಿದ್ದದ್ದನ್ನು ಹುಡುಕ್ಲಿಕ್ಕೆ ಆಗುವುದಿಲ್ಲ. ಕರಿಮಣಿ ಸರ ಟ್ಯೂಬಿನ ಹಿಡಿಗೆ ಸಿಕ್ಕಿ ತುಂಡಾಗಬಹುದು. ಬೆಳ್ಳಿ ಕ್ಲೋರಿನ್ನಿಗೆ ಕಪ್ಪಾಗ್ತದೆ. ಕರಿಮಣಿ ತೆಗೆಯುವುದು ಮನಸ್ಸಿಗೆ ಸರಿ ಬಾರದಿದ್ರೆ ದಾರದಲ್ಲಿ ಒಂದೆರಡು ಮಣಿ ಕಟ್ಟಿ ಟೀ ಶರ್ಟಿನ ಒಳಗೆ ಹಾಕ್ಕೊಳ್ಳಿ. ಕಾಂಟ್ಯಾಕ್ಟ್ ಲೆನ್ಸ್ ಬೇಡವೇ ಬೇಡ.

ತಿಂಗಳ ದಿನ ಅದೇ ವಾರಕ್ಕೆ ಬಂದ್ರೆ ತಾರೀಕೇ ಬದಲಿಸಿ, ಇಲ್ಲದಿದ್ರೆ ಕಪ್ ಅಥವಾ ಟ್ಯಾಂಪೂನ್. ಪ್ಯಾಡ್ ನೀರಲ್ಲಿ ಉಪಯೋಗಕ್ಕಿಲ್ಲ. ಅದು ತಡವಾಗಿದ್ರೆ ಮೊದಲು ಟೆಸ್ಟ್ ಮಾಡಿ. ಗರ್ಭಿಣಿಯರಿಗೆ ಕೋಸ್ಟರ್, ಡ್ರಾಪ್ ಟವರ್ (ಎತ್ತರದಿಂದ ಒಮ್ಮೆಗೇ ಕೆಳಗೆ ಬಿಡುವಂಥದ್ದು), ವೇಗದ ಸ್ಲೈಡ್ ಎಲ್ಲ ನಿಷಿದ್ಧ, ಬೋರ್ಡಿನಲ್ಲೂ ಬರೆದಿರ್ತದೆ. ಹೃದಯ, ಬಿಪಿ, ಬೆನ್ನು, ಕುತ್ತಿಗೆ ತೊಂದರೆ ಇದ್ದವರಿಗೂ ಅದೇ.

ಕೋಟೇಶ್ವರ_ಕಡೆಯವ:
ಹೋಯಿ, ಲಾಕರ್ ವಿಷ್ಯ ಬಿಟ್ಟೇ ಹೋಯ್ತ್ ಕಾಣಿ. ಇಬ್ರಿಗೂ ಸೇರಿ ಒಂದೇ ಲಾಕರ್ ಸಾಕು ಅಂದೇಳಿ ತಕಂತ್ರ್, ಆಮೇಲ್ ಪಜೀತಿ.

ಶೇಡಿಗುಡ್ಡೆ_ಅಕ್ಕ:
ಹೌದು, ಅದು ಮುಖ್ಯ. ಬಟ್ಟೆ ಬದಲಿಸುವ ಜಾಗ ಗಂಡಸರಿಗೆ ಬೇರೆ, ಹೆಂಗಸರಿಗೆ ಬೇರೆ. ಕೀ ಒಬ್ಬರ ಕೈಯಲ್ಲಿ, ಇನ್ನೊಬ್ಬರ ಟವೆಲ್, ಒಣ ಬಟ್ಟೆ ಲಾಕರಿನ ಒಳಗೆ. ಒದ್ದೆ ಮೈಯಲ್ಲಿ ಕಾಯುವ ಕೆಲಸ ಆಗ್ತದೆ. ಒಂದೇ ಲಾಕರ್ ತಕ್ಕೊಳ್ಳುವುದಾದ್ರೆ ಬೆಳಿಗ್ಗೆಯೇ ಎರಡು ಪ್ಲಾಸ್ಟಿಕ್ ಚೀಲ ಮಾಡಿ: ಪ್ರತಿಯೊಂದರಲ್ಲಿ ಒಬ್ಬರ ಟವೆಲ್, ಒಣ ಬಟ್ಟೆ, ಒಳ ಉಡುಪು, ಬಾಚಣಿಗೆ. ನೀರಿನಿಂದ ಮೇಲೆ ಬಂದ ಕೂಡ್ಲೆ ಇಬ್ಬರೂ ಒಟ್ಟಿಗೆ ಲಾಕರಿಗೆ ಹೋಗಿ, ಅವರವರ ಚೀಲ ತಕ್ಕೊಂಡು, ಆಮೇಲೆ ಬೇರೆ ಆಗಿ. ಪುನಃ ಎಲ್ಲಿ ಸಿಗುವುದು ಅಂತ ಮೊದಲೇ ಮಾತಾಡಿ, ಫೋನ್ ಒಳಗಿರ್ತದೆ. ಡೆಪಾಸಿಟ್ಟಿನ ರಸೀದಿ ನೀರಲ್ಲಿ ನೆನೆಯದ ಹಾಗೆ ಫೋನಿನ ಜಲನಿರೋಧಕ ಚೀಲದಲ್ಲಿ ಹಾಕಿ.

ಒದ್ದೆ ಬಟ್ಟೆಗೆ ಬೇರೆ ದಪ್ಪ ಕವರ್ ಎರಡು.

ಕಲ್ಸಂಕ_ಸರ್ಕಲ್:
ಇದೆಲ್ಲ ಎಲ್ಲೂ ಸಿಕ್ಕಿರ್ಲಿಲ್ಲ ಅಕ್ಕ. ತಲೆ ತಿರುಗುವವರ ವಿಷಯ ಯಾರಾದ್ರೂ ಹೇಳಿ. ಎಲ್ಲ ಆಟವನ್ನೂ ಬಿಟ್ಟು ಕೂರ್ಬೇಕಾ?

ವೆನ್ಲಾಕ್_ಎದುರು:
ಬೇಡ. ಘಾಟಿಯಲ್ಲಿ ವಾಂತಿ ಬರುವವರಿಗೆ ಎತ್ತರದ ಆಟ ಆಗುವುದಿಲ್ಲ ಅಂತ ಇಲ್ಲ. ಘಾಟಿಯಲ್ಲಿ ತೊಂದರೆ ಕೊಡುವುದು ಗಂಟೆಗಟ್ಟಲೆ ಮುಂದುವರಿಯುವ ಓಲಾಟ. ಕೋಸ್ಟರ್ ಎರಡು ನಿಮಿಷದೊಳಗೆ ಮುಗೀತದೆ. ನಿಮ್ಮವರಿಗೆ ಕಷ್ಟವಾಗುವುದು ಒಂದೇ ದಿಕ್ಕಿಗೆ ಗಿರಗಿರ ತಿರುಗುವಂಥದ್ದು, ಮತ್ತೆ ಪರದೆ ಮುಂದೆ ಕೂರಿಸಿ ಹಾರಿಸುವಂಥದ್ದು. ಪರದೆಯ ಆಟದಲ್ಲಿ ಕಣ್ಣು ಮೈಲಿಗಟ್ಟಲೆ ಹಾರ್ತದೆ, ಒಳಕಿವಿಗೆ ಅಷ್ಟು ಚಲನೆ ಗೊತ್ತಾಗುವುದಿಲ್ಲ, ಆ ಜಗಳವೇ ವಾಕರಿಕೆ. ಅಲ್ಲಿ ಕಣ್ಣು ಮುಚ್ಚಿದ್ರೆ ತಕ್ಷಣ ಕಡಿಮೆ ಆಗ್ತದೆ. ತಿರುಗುವ ಆಟದಲ್ಲಿ ಉಲ್ಟಾ: ಕಣ್ಣು ತೆರೆದೇ ಇಟ್ಟು ನಿಮ್ಮ ಜೊತೆಗೇ ತಿರುಗುವ ವಸ್ತುವನ್ನು, ಅಂದ್ರೆ ಎದುರಿನ ಹಿಡಿಯನ್ನೋ ಪಕ್ಕದವರ ಮುಖವನ್ನೋ ನೋಡಿ.

ಖಾಲಿ ಹೊಟ್ಟೆಯೂ ಆಗದು, ತುಂಬಿದ ಹೊಟ್ಟೆಯೂ ಆಗದು. ಎರಡು ಇಡ್ಲಿ ತಿಂದು ಎರಡು ಗಂಟೆ ಬಿಟ್ಟು ಹತ್ತಿ. ಮಧ್ಯಾಹ್ನ ಊಟ ಆದ ಮೇಲೆ ಒಂದು ಗಂಟೆ ಲೇಜಿ ರಿವರ್, ವೇವ್ ಪೂಲ್. ಎರಡು ತಿರುಗುವ ಆಟ ಒಂದರ ಹಿಂದೆ ಒಂದು ಬೇಡ. ಶುಂಠಿ ಮಿಠಾಯಿ ಕಿಸೆಯಲ್ಲಿರಲಿ. ಘಾಟಿಗೆ ವಾಂತಿ ಮಾತ್ರೆ ತಕ್ಕೊಳ್ಳುವವರಾದ್ರೆ ಹೊರಡುವ ಒಂದು ಗಂಟೆ ಮೊದಲೇ ತಕ್ಕೊಳ್ಬೇಕು, ಶುರುವಾದ ಮೇಲೆ ನುಂಗಿ ಉಪಯೋಗ ಇಲ್ಲ. ಅದರಲ್ಲಿ ನಿದ್ದೆ ಬರ್ತದೆ, ಬೇರೆ ಮದ್ದು ತಕ್ಕೊಳ್ತಿದ್ರೆ ಡಾಕ್ಟರರನ್ನು ಕೇಳಿ, ಮತ್ತೆ ಅವರು ಕಾರು ಬಿಡಬಾರದು.

ಕದ್ರಿ_ಗುಡ್ಡೆ:
ಘಾಟಿಯೇ ಸಮಸ್ಯೆಯಾದ್ರೆ ಕೊಚ್ಚಿಯದ್ದಕ್ಕೆ ಯಾಕೆ ಹೋಗ್ಬಾರ್ದು? ಮಂಗಳೂರು ಸೆಂಟ್ರಲಿನಿಂದ ಎರ್ನಾಕುಲಕ್ಕೆ ನೇರ ರೈಲು, ಕರಾವಳಿಯ ಸಪಾಟು ದಾರಿ. ಅದೇ ಕಂಪನಿಯ ಮೊದಲ ಪಾರ್ಕ್, 2000ದಲ್ಲಿ ವೀಗಾಲ್ಯಾಂಡ್ ಅಂತ ಶುರುವಾದದ್ದು. ಬಿಡದಿಯದ್ದು 2005ರದ್ದು. ಜೂನ್–ಸೆಪ್ಟೆಂಬರ್ ಮಾತ್ರ ಬೇಡ, ಅಲ್ಲಿಯೂ ನಮ್ಮ ಹಾಗೆ ಜಡಿಮಳೆ. ಗುಡುಗು ಬಂದಷ್ಟು ಹೊತ್ತು ಎತ್ತರದ ಆಟ ನಿಲ್ತದೆ.

ಮಲ್ಪೆ_ಗಾಳಿ:
ಅದಕ್ಕೂ ಮೊದಲು ಮಂಗಳೂರು ಹತ್ತಿರ ಪಿಲಿಕುಳದ ಮಾನಸ ವಾಟರ್ ಪಾರ್ಕಿಗೆ ಒಂದು ಅರ್ಧ ದಿನ ಹೋಗಿ ಬನ್ನಿ. ಸ್ಲೈಡಿನಲ್ಲಿ ಮೂಗಿಗೆ ನೀರು ಹೋದ್ರೆ ಸಹಿಸ್ತದಾ, ತಂದ ಬಟ್ಟೆ ಜಾರ್ತದಾ ಅಂತ ಅಷ್ಟರಲ್ಲೇ ಗೊತ್ತಾಗ್ತದೆ. ಸ್ಲೈಡಿನಲ್ಲಿ ಮಲಗುವಾಗ ಕೈ ಎದೆಗೆ ಕಟ್ಟಿ, ಪಾದದ ಗಂಟು ಒಂದರ ಮೇಲೊಂದು ಹಾಕಿ, ಗದ್ದ ಎದೆ ಕಡೆಗೆ. ಕಾಲು ಅಗಲ ಬಿಟ್ರೆ ಕೆಳಗಿನ ಕೊಳಕ್ಕೆ ಬೀಳುವಾಗ ನೀರು ಪೆಟ್ಟಿನ ಹಾಗೆ ಬಡೀತದೆ.

ಬಿಜೈ_ನೈಟ್‌ಸರ್ವಿಸ್:
ರೂಮ್ ಮಾಡುವುದಾದ್ರೆ ಇಬ್ಬರದ್ದೂ ಆಧಾರ್ ಒಯ್ಯಿರಿ, ಒಬ್ಬರದ್ದು ಸಾಲದು. ಮದುವೆಯಾಗಿ ಸ್ವಲ್ಪ ಸಮಯ ಆದವರ ಕಾರ್ಡಿನಲ್ಲಿ ವಿಳಾಸ, ಹೆಸರು ಇನ್ನೂ ತವರಿನದ್ದೇ ಇರ್ತದೆ. ಕೆಲವು ಸಣ್ಣ ಲಾಡ್ಜ್‌ಗಳಲ್ಲಿ ರಿಸೆಪ್ಷನ್ನಿನವರು ಇದೇ ನೆಪದಲ್ಲಿ ಪಂಚಾಯಿತಿ ಶುರು ಮಾಡ್ತಾರೆ. ಆ್ಯಪಿನಲ್ಲಿ ಜೋಡಿಗಳಿಗೆ ಅವಕಾಶ ಉಂಟು ಅಂತ ಬರೆದದ್ದನ್ನೇ ಆರಿಸಿ, ಬುಕ್ ಮಾಡುವ ಮೊದಲು ಒಂದು ಫೋನ್ ಮಾಡಿ. ಮದುವೆಯ ಫೋಟೊ ಮೊಬೈಲಲ್ಲಿ ಹೇಗೂ ಇರ್ತದೆ, ಕೇಳಿದ್ರೆ ತೋರಿಸಿ ಮಲಗಿ.

ಕಲ್ಸಂಕ_ಸರ್ಕಲ್:
ಸರಿ, ಮಾರ್ಚ್ ಮೊದಲ ವಾರದ ಬುಧವಾರ ಅಂತ ಇಟ್ಕೊಂಡೆವು. ಮಂಗಳವಾರ ಹಗಲಿಗೆ ಹೋಗಿ ಕೆಂಗೇರಿಯಲ್ಲಿ ಉಳಿದು, ಬುಧವಾರ ರಾತ್ರಿ ಬಸ್ಸಿಗೆ ವಾಪಸ್, ಗುರುವಾರವೂ ರಜೆ. ಕೊನೆಯ ಪ್ರಶ್ನೆ: ಬಿಡದಿಯಲ್ಲೇ ರಸ್ತೆಗೆ ಬಂದು ನಿಂತ್ರೆ ಉಡುಪಿ ಬಸ್ ಸಿಗ್ತದಾ?

ಪಡೀಲ್_ಬೈಪಾಸ್:
ಇಲ್ಲ. ಉಡುಪಿ, ಮಂಗಳೂರು ಬಸ್ಸು ಹೆಚ್ಚಿನವು ಮೆಜೆಸ್ಟಿಕ್‌ನಿಂದ ಹೊರಟು ನೆಲಮಂಗಲ ಮೇಲೆ ಹೋಗುವುದು, ಬಿಡದಿ ಅವುಗಳ ದಾರಿಯಲ್ಲೇ ಇಲ್ಲ. ಮಡಿಕೇರಿ ಮೇಲೆ ಹೋಗುವವು ಎಕ್ಸ್‌ಪ್ರೆಸ್‌ವೇಯಲ್ಲಿ ಕೈ ತೋರಿಸಿದ್ರೆ ನಿಲ್ಲುವುದಿಲ್ಲ. ಚಲ್ಲಘಟ್ಟದಿಂದ ಮೆಟ್ರೊ ಹಿಡಿದು ಮೆಜೆಸ್ಟಿಕ್‌ಗೇ ಬನ್ನಿ. ವಾರದ ದಿನ ಪಾರ್ಕ್ ಆರಕ್ಕೆ ಮುಚ್ತದೆ, ಬಟ್ಟೆ ಬದಲಿಸಿ, ಲಾಕರ್ ಡೆಪಾಸಿಟ್ ವಾಪಸ್ ತಕ್ಕೊಂಡು ಹೊರಬೀಳುವಾಗ ಆರು ಮುಕ್ಕಾಲು. ಎಲ್ಲರೂ ಒಮ್ಮೆಗೇ ಹೊರಡುವುದರಿಂದ ಟ್ಯಾಕ್ಸಿ ಸಿಗ್ಲಿಕ್ಕೆ ಹೊತ್ತು ಹಿಡೀತದೆ. ರಾತ್ರಿ 10ರ ನಂತರದ ಬಸ್ಸಿಗೇ ಬುಕ್ ಮಾಡಿ, ಒಂಬತ್ತರದ್ದಕ್ಕೆ ಮಾಡ್ಬೇಡಿ.

ಶೇಡಿಗುಡ್ಡೆ_ಅಕ್ಕ:
ಸ್ಲೀಪರ್ ಬಸ್ಸಾದ್ರೆ ಕೆಳಗಿನ ಬರ್ತ್, ನಡುವಿನ ಭಾಗದ್ದು. ಹಿಂದಿನ ಚಕ್ರದ ಮೇಲಿನದ್ದು ಕೊಟ್ರೆ ಬಿಡದಿಯ ಆಟ ಶಿರಾಡಿಯವರೆಗೂ ಮುಂದುವರೀತದೆ.